ನೀರಿನ ಹದ

ಫೆಬ್ರವರಿ ೯

ಅಕ್ಕಾ, ಅಸ್ಸಲಾಮು ಅಲೈಕುಮ್.

ನಿನ್ನ ತಮ್ಮನ ಬಾಯಿಗೆ ಕಡೆಗೂ ಬೀಗ ಬಿತ್ತು. ಚಿಕ್ಕಂದಿನಲ್ಲಿ ನೀನು ಮಾಡುತ್ತಿದ್ದ ದುವಾ ಈಗ ಕಬೂಲಾಗಿದೆ, ಸ್ವಲ್ಪ ತಡವಾಗಿ. ಗಂಟಲಿಗೆ ಕರೆಂಟ್ ಕೊಡುವುದು ಮುಗಿಯಿತು. ಇನ್ನು ಡಾಕ್ಟರ್ ಹೇಳುವವರೆಗೆ ನಾನು ಮಾತಾಡಬಾರದು, ಪಿಸುಗುಡಲೂ ಬಾರದು. ಪಿಸುಮಾತು ಇನ್ನೂ ಕೆಟ್ಟದ್ದಂತೆ. ಆದ್ದರಿಂದ ಫೋನಿಲ್ಲ, ಪತ್ರ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟು ತಾಳ್ಮೆ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.

ಕ್ಯಾನ್ಸರ್ ಅನ್ನುವ ಪದವನ್ನು ನನ್ನ ಹೆಂಡತಿ ಹೇಳುವುದಿಲ್ಲ. 'ಅದು' ಅನ್ನುತ್ತಾಳೆ. 'ಅದು' ಕರಗಿದೆಯೋ ಇಲ್ಲವೋ ಮುಂದಿನ ತಿಂಗಳು ನೋಡಿ ಹೇಳುತ್ತಾರೆ.

ನನ್ನ ಬದಲಿಗೆ ಅಜಾನ್ ಕೊಡುವುದು ಮಸೀದಿ ಎದುರಿನ ಗಡಿಯಾರ ರಿಪೇರಿಯವರು. ಊರಿನವರ ಗಡಿಯಾರವನ್ನೆಲ್ಲ ಸರಿ ಮಾಡುವ ಮಹಾನುಭಾವರು ಒಂದು ದಿನವೂ ಸರಿಯಾದ ಹೊತ್ತಿಗೆ ಬಂದದ್ದಿಲ್ಲ. ಕೊನೆಕೊನೆಗೆ ಅವರ ದನಿ ಬ್ರೇಕ್ ಹಾಕಿದ ಬಸ್ಸಿನ ಹಾಗೆ ಇಳಿದುಹೋಗುತ್ತದೆ. ನಾನು ಹಿಂದೆ ನಿಂತು ತುಟಿ ಆಡಿಸುತ್ತೇನೆ. 'ಕೊನೆಯನ್ನು ಎಳೆಯಿರಿ' ಎಂದು ಚೀಟಿ ಬರೆದು ಕೊಟ್ಟರೆ ಜೇಬಿಗೆ ಹಾಕಿಕೊಂಡು, "ಎಳೀತೀನಿ ಬಿಡಿ, ಗಡಿಯಾರದ ಸ್ಪ್ರಿಂಗ್ ಎಳೆದವನಿಗೆ ಇದೇನು ಮಹಾ" ಅನ್ನುತ್ತಾರೆ. ಎಳೆಯುವುದಿಲ್ಲ.

ಅಕ್ಕಾ, ಒಂದು ಮಾತು. ನಿನ್ನ ಮಗಳು ಗುಬ್ಬಿಯ ಮಣ್ಣಿಗೆ ನಾನು ಬಂದ ದಿನ, ನೀನು ಸ್ನಾನ ಮಾಡಿಸಿ ಹೊರಗೆ ಬಂದೆಯಲ್ಲ, ತೋಳು ಮಡಚಿಕೊಂಡು, ಕೈ ಒದ್ದೆ, ಕಣ್ಣು ಮಾತ್ರ ಒಣ. ಹೊರಗಿದ್ದ ಗಂಡಸರು ಯಾರು ತೊಳೆದದ್ದು ಅಂತ ಕೇಳಿದರು. ಹೆತ್ತವಳೇ ಅಂತ ನಾನು ಅಂದೆ. ಎಲ್ಲರೂ ತಲೆ ತಗ್ಗಿಸಿದರು. ಭಾವ ಹೋದ ಮೇಲೆ ಒಬ್ಬಳೇ ಸಾಕಿದ ಮಗಳು, ಜ್ವರ ಅಂತ ಮಲಗಿದವಳು ಏಳಲೇ ಇಲ್ಲ, ಆದರೂ ನೀನು ಒಂದು ಸದ್ದು ಮಾಡಲಿಲ್ಲ. ನಾನು ಇದನ್ನು ಇಲ್ಲಿ ಇಮಾಮ್ ಸಾಹೇಬರಿಗೆ ಹೇಳಿದೆ. ಅವರು ಹೆಸರು ಹೇಳದೆ ಜುಮ್ಮಾದ ದಿನ ಎಲ್ಲರಿಗೂ ಹೇಳಿದರು, ಸಬರ್ ಅಂದರೆ, ಸಹನೆ ಅಂದರೆ, ಇದು ಎಂದು.

ನನಗೂ ಕಲಿಸಿಕೊಡು. ನನ್ನ ಬಳಿ ಅದು ಕಡಿಮೆ ಇದೆ.

ನಿನ್ನ ತಮ್ಮ


ಫೆಬ್ರವರಿ ೨೦

ತಮ್ಮಾ, ವ ಅಲೈಕುಮ್ ಅಸ್ಸಲಾಮ್.

ಪತ್ರ ಸಿಕ್ಕಿತು. ಡಾಕ್ಟರ್ ಹೇಳಿದ ಹಾಗೆ ಕೇಳು. ಹೆಂಡತಿಯ ಮೇಲೆ ಸನ್ನೆಯಲ್ಲೇ ರೇಗಬೇಡ, ಅದೂ ಮಾತೇ.

ಇಲ್ಲಿ ಕಾಜಾ ಕೆಲಸ ಇದೆ. ಶರ್ಟಿನ ಗಂಟುಗಳನ್ನು ಕಾರ್ಖಾನೆಯವರು ಬೆಳಗ್ಗೆ ತಂದು ಹಾಕುತ್ತಾರೆ, ಸಂಜೆ ಒಯ್ಯುತ್ತಾರೆ. ಗುಂಡಿ ಹೊಲಿಯುತ್ತೇನೆ, ಕಾಜಾ ಕಟ್ಟುತ್ತೇನೆ. ಓಣಿಯಲ್ಲಿ ಯಾರಾದರೂ ಹೆಂಗಸು ತೀರಿಹೋದರೆ ಕರೆಯುತ್ತಾರೆ, ಹೋಗಿ ಮಯ್ಯತ್ ತೊಳೆದು ಬರುತ್ತೇನೆ. ಮೊದಲಿನ ಹಾಗೆಯೇ ಎಲ್ಲ ನಡೆಯುತ್ತಿದೆ.

ಸಬರ್ ಕಲಿಸು ಅಂದಿದ್ದೀಯ. ಅದರಲ್ಲಿ ಕಲಿಸುವಂಥದ್ದು ಏನೂ ಇಲ್ಲ. ಏಳುತ್ತೇನೆ, ಹಾಸಿಗೆ ಮಡಚುತ್ತೇನೆ, ನಮಾಜ್ ಮಾಡುತ್ತೇನೆ, ಸೂಜಿಗೆ ದಾರ ಹಾಕುತ್ತೇನೆ. ದಾರ ಹಾಕುವುದು ಕಷ್ಟ, ಕನ್ನಡಕದ ನಂಬರ್ ಹಳೆಯದಾಗಿದೆ. ಗುಬ್ಬಿ ಅವಳು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯಲ್ಲೇ ಹೊಸದು ಮಾಡಿಸಿಕೊಡುತ್ತೇನೆ ಅಂದಿದ್ದಳು. ಆ ಅಂಗಡಿಗೆ ಈಗ ಬೇರೆ ಹುಡುಗಿ ಬಂದಿದ್ದಾಳೆ.

ಹೆಂಗಸರು ಬರುತ್ತಾರೆ, ನನ್ನನ್ನು ನೋಡಿಕೊಂಡು ಹೋಗುತ್ತಾರೆ. ಮಾತು ಕಡಿಮೆ. ಟೀ ಮಾಡಿ ಕೊಡುತ್ತೇನೆ.

ಬಲಗೈ ಮೇಲೆ ಸ್ವಲ್ಪ ಬಿಸಿನೀರು ಬಿದ್ದು ಬಟ್ಟೆ ಸುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಓದಿಕೋ. ನೋವೇನೂ ಇಲ್ಲ.

ಅಕ್ಕ


ಮಾರ್ಚ್ ೮

ಅಕ್ಕಾ, ಸಲಾಂ.

ಒಲೆಯ ಮುಂದೆ ನಿನಗೆ ಯಾವತ್ತೂ ಅವಸರ. ಅಮ್ಮ ಬೈಯುತ್ತಿದ್ದದ್ದು ನೆನಪಿದೆಯಾ, "ಇವಳನ್ನ ಕಟ್ಟಿಕೊಂಡೋನು ಹಸೀದೇ ತಿನ್ಬೇಕು" ಅಂತ? ಮುಲಾಮು ಹಚ್ಚಿದೆಯೋ, ಇಲ್ಲವೋ? ನೋವಿಲ್ಲ ಅಂದಿದ್ದೀಯ. ನೀನು ಇದೆ ಅನ್ನುವವಳೂ ಅಲ್ಲ ಬಿಡು.

ಡಾಕ್ಟರ್ ನೋಡಿದರು. ಕೊಳವೆ ಹಾಕಿ ನೋಡಿ ಏನೇನೋ ಹೇಳಿದರು. ಡಾಕ್ಟರುಗಳು ಹತ್ತು ಹೇಳುತ್ತಾರೆ. ನಾನು ತಲೆ ಅಲ್ಲಾಡಿಸಿ ಬಂದೆ. ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಿನ್ನನ್ನು ನೆನಪು ಮಾಡಿಕೊಂಡೆ. ಎದೆಯ ಡವಡವ ಇಳಿಯಿತು. ಎಲ್ಲವನ್ನೂ ಅವನ ಮೇಲೆ ಬಿಟ್ಟಿದ್ದೇನೆ ಅಕ್ಕಾ. ಈಗ ನೆಮ್ಮದಿಯಾಗಿದ್ದೇನೆ.

ದನಿ ಇನ್ನೂ ಬಂದಿಲ್ಲ. ಬರುತ್ತದೆ. ನಾನು ಗಂಟಲಿಗೆ ಕೈ ಇಟ್ಟುಕೊಂಡರೆ ಒಳಗೆ ಅದು ಇರುವುದು ಗೊತ್ತಾಗುತ್ತದೆ. ಇದೇ ದನಿಯನ್ನು ಕೇಳಿ ಊರಿನಲ್ಲಿ ಒಲೆ ಹಚ್ಚಿದ್ದಾರೆ, ಅಂಗಡಿ ಬಾಗಿಲು ಎಳೆದಿದ್ದಾರೆ, ಮಕ್ಕಳನ್ನು ಮನೆಗೆ ಕರೆದಿದ್ದಾರೆ. ಅಷ್ಟು ಸುಲಭಕ್ಕೆ ಎಲ್ಲಿಗೆ ಹೋಗುತ್ತದೆ?

ಗಡಿಯಾರದವರು ನಿನ್ನೆ ಮಧ್ಯಾಹ್ನದ ಅಸರ್‌ಗೆ ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ಅಂದುಕೊಂಡು ಅವಸರದಲ್ಲಿ ಓಡಿ ಬಂದಿದ್ದರು. ವುಜೂಗೆ ಕೈಕಾಲು ತೊಳೆಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಸದ್ದಿಲ್ಲದೆ.

ಮುಂದಿನ ಸಲ ನೀನು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದ ಹಾಗೆ ನನ್ನ ಅಜಾನೇ ಕೇಳಿಸಬೇಕು. ಅಷ್ಟೇ ನನ್ನ ಆಸೆ.

ತಮ್ಮ


ಮಾರ್ಚ್ ೧೭

ತಮ್ಮಾ,

ಡಾಕ್ಟರ್ ನೋಡಿ ಬಿಟ್ಟಿದ್ದಾರೆ ಅಂದರೆ ಒಳ್ಳೆಯದಾಯಿತು. ನೆಮ್ಮದಿಯಾಗಿದ್ದೇನೆ ಅಂತ ಬರೆದದ್ದು ನೋಡಿದೆ. ಇರು. ಮಳೆಗೆ ಮೊದಲು ಬಿಡುವು ಸಿಕ್ಕರೆ ಬರುತ್ತೇನೆ.

ಹಾಲಿನಂಗಡಿಯವನ ಹೆಂಡತಿ ಗೊತ್ತಲ್ಲ, ನಮ್ಮ ಓಣಿಯ ತಿರುವಿನಲ್ಲಿ. ಅವಳ ಮಗ ಬೈಕಿನಿಂದ ಬಿದ್ದು ತೀರಿಹೋದ. ಅವಳು ಬೀದಿಗೆ ಕೇಳುವ ಹಾಗೆ ಕೂಗಿ ಅಳುತ್ತಿದ್ದಳು. ಹೆಂಗಸರು ನನ್ನನ್ನು ಕರೆದುಕೊಂಡು ಹೋದರು. ಏನಾದರೂ ಹೇಳಿ ಸಮಾಧಾನ ಮಾಡಲಿ ಅಂತಲ್ಲ, ತೋರಿಸುವುದಕ್ಕೆ. ಅವಳ ಮುಂದೆ ಕೂರಿಸಿ ಒಬ್ಬಳು ಅಂದಳು, "ಇವ್ರನ್ನ ನೋಡು. ಬೆಳೆದ ಮಗಳನ್ನ ಕೈಯಾರೆ ತೊಳೆದು ಕಳ್ಸಿದ್ರು. ಒಂದು ಹನಿ ಹಾಕಿದ್ರಾ? ಸಬರ್ ಮಾಡ್ಬೇಕಮ್ಮಾ."

ಅವಳು ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ಮಾತ್ರೆ ನುಂಗಿದ ಹಾಗೆ ಅಳುವನ್ನು ನುಂಗಿದ್ದು ಕತ್ತಿನಲ್ಲಿ ಕಾಣಿಸಿತು.

ಏನಾದರೂ ಹೇಳಬೇಕು ಅಂತ ನನಗೆ ಅನ್ನಿಸಲೂ ಇಲ್ಲ. ಮನೆಗೆ ಬಂದು ಉಳಿದಿದ್ದ ಕಾಜಾ ಮುಗಿಸಿದೆ.

ಕೈ ವಾಸಿಯಾಗಿದೆ.

ಅಕ್ಕ


ಏಪ್ರಿಲ್ ೨೪

ತಮ್ಮಾ,

ಪತ್ರವಿಲ್ಲ. ದನಿ ಬಂದಿರಬೇಕು, ಊರೆಲ್ಲ ಕೂಗಿಕೊಂಡು ಓಡಾಡುತ್ತಿರಬೇಕು, ಅಕ್ಕ ಮರೆತುಹೋದಳು. ಹಾಗಾದರೆ ಒಳ್ಳೆಯದೇ. ಫೋನ್ ಮಾಡಿ ಒಂದು ಸಲ ಅಕ್ಕಾ ಅನ್ನು.

ಅಕ್ಕ


ಮೇ ೨

ಅಕ್ಕಾ,

ಎಲ್ಲರೂ ಕ್ಷೇಮ. ಗಂಟಲು ಸ್ವಲ್ಪ ಊದಿದೆ. ನುಂಗುವುದು ನಿಧಾನ. ಸಹಿಸುತ್ತಿದ್ದೇನೆ. ನೀನು ಸಹಿಸಿದ್ದರ ಮುಂದೆ ಇದು ಯಾವ ಲೆಕ್ಕ? ಮಸೀದಿಯಲ್ಲಿ ಎಲ್ಲರೂ ನನ್ನ ಸಬರ್ ದೊಡ್ಡದು ಅನ್ನುತ್ತಾರೆ. ಯಾರದ್ದು ನೋಡಿ ಕಲಿತದ್ದು ಅಂತ ಅವರಿಗೆ ಗೊತ್ತಿಲ್ಲ.

ದುವಾ ಮಾಡು.

ತಮ್ಮ


ಮೇ ೧೧

ತಮ್ಮಾ,

ನಿನ್ನ ಹೆಂಡತಿ ಫೋನ್ ಮಾಡಿದ್ದಳು. ಹೇಳಬೇಡ ಅಂತ ನೀನು ಆಣೆ ಹಾಕಿಸಿದ್ದೆಯಂತೆ. ಆಣೆ ಮುರಿದದ್ದಕ್ಕೆ ಅವಳು ಪ್ರಾಯಶ್ಚಿತ್ತದ ಉಪವಾಸ ಹಿಡಿಯುತ್ತಾಳಂತೆ. ಹಿಡಿಯಲಿ. ನೀನು ಅವಳ ಮೇಲೆ ಮುಖ ಗಂಟು ಹಾಕಿಕೊಂಡರೆ ನನ್ನ ಜೊತೆ ಮಾತು ಬಿಟ್ಟ ಹಾಗೆ.

ಎಲ್ಲ ಹೇಳಿದಳು. ಡಾಕ್ಟರ್ ಹತ್ತು ಹೇಳಲಿಲ್ಲ, ಒಂದೇ ಹೇಳಿದರು. 'ಅದು' ಕರಗಿಲ್ಲ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕುತ್ತಾನೆ, ಕತ್ತಿನಲ್ಲಿ ತೂತು ಇರುತ್ತದೆ, ಅದರಿಂದಲೇ ಉಸಿರಾಟ, ದನಿ ಇನ್ನು ಇಲ್ಲ. ಇದನ್ನು ಮಾರ್ಚ್‌ನಲ್ಲಿ ಹೇಳಿದರು. ಅವತ್ತೇ ನೀನು ನನಗೆ ನೆಮ್ಮದಿಯಾಗಿದ್ದೇನೆ ಅಂತ ಬರೆದೆ. ಈಗ ಮಲಗಿದರೆ ನಿನ್ನ ಉಸಿರು ಸಿಳ್ಳೆ ಹಾಕುತ್ತದಂತೆ. ಅವಳು ಪಕ್ಕದಲ್ಲಿ ಅದನ್ನು ಕೇಳುತ್ತಾ ಮಲಗುತ್ತಾಳೆ. ಆಪರೇಷನ್ ಅಂದರೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತೀಯಂತೆ, 'ಅಕ್ಕ ಸಹಿಸಲಿಲ್ಲವಾ?'

ನನ್ನ ಹೆಸರನ್ನು ಆ ಸ್ಲೇಟಿನಿಂದ ಅಳಿಸು.

ಔಷಧಿ ಮಾಡಿಸಿಕೊಳ್ಳುವುದು ಸಬರಿಗೆ ವಿರುದ್ಧವಲ್ಲ ಎಂದು ನಿನಗೆ ನಾನು ಹೇಳಿಕೊಡಬೇಕಾ? ಮಸೀದಿಯ ಕಂಬದ ಹಾಗೆ ಅಲ್ಲೇ ಬೆಳೆದವನು. ಅಯ್ಯೂಬ್ ಪ್ರವಾದಿಯವರು ಮೈಯೆಲ್ಲ ಬೇನೆ ಇದ್ದಾಗ ಅಲ್ಲಾಹನನ್ನೇ ಕೂಗಿ ಹೇಳಿಕೊಂಡರು, ಯಾಕೂಬರು ಮಗನಿಗಾಗಿ ಅತ್ತೂ ಅತ್ತೂ ಕಣ್ಣು ಬೆಳ್ಳಗೆ ಮಾಡಿಕೊಂಡರು. ಅವರನ್ನು ಸಬರಿಲ್ಲದವರು ಅಂತ ಯಾರಾದರೂ ಅಂದಿದ್ದಾರಾ? ಇದೆಲ್ಲ ನಿನ್ನ ಬಾಯಿಂದಲೇ ನಾನು ಕೇಳಿದ್ದು. ನಿನಗೆ ಗೊತ್ತಿಲ್ಲದೆ ಅಲ್ಲ. ದನಿ ಹೋಗುತ್ತದಲ್ಲ ಅಂತ ಹೆದರಿಕೆ ನಿನಗೆ. ಹೆದರಿಕೆ ಅನ್ನುವುದಕ್ಕೆ ನಾಚಿಕೆ, ಅದಕ್ಕೆ ಸಬರ್ ಅನ್ನುವ ಹೆಸರಿಟ್ಟೆ.

ನಾನೂ ಹಾಗೆಯೇ. ನನ್ನದಕ್ಕೆ ಹೆಸರಿಟ್ಟವರು ಬೇರೆಯವರು, ನಾನು ಸುಮ್ಮನಿದ್ದೆ.

ಕೇಳು. ಅವತ್ತು ಒಳಗೆ ನಾವು ಇದ್ದದ್ದು ಮೂವರೇ. ನಾನು, ನನ್ನ ಜೊತೆ ಯಾವಾಗಲೂ ಬರುವ ಹಾಸಿಗೆ ಹೊಲಿಯುವವಳು, ಗುಬ್ಬಿ. ಮಯ್ಯತ್ತಿಗೆ ನೀರು ಹದವಾಗಿ ಬೆಚ್ಚಗಿರಬೇಕು. ನಾನು ಯಾವಾಗಲೂ ಮಣಿಕಟ್ಟಿನ ಮೇಲೆ ಹಾಕಿಕೊಂಡು ನೋಡುತ್ತೇನೆ. ಅವತ್ತೂ ನೋಡಿದೆ. ಬಲಗಡೆಯಿಂದ ಶುರು ಮಾಡಿದೆ. ಹೆಗಲಿಗೆ ಮೊದಲ ಚೊಂಬು ಹಾಕಿ, "ಬಿಸಿ ಜಾಸ್ತಿ ಆಯ್ತಾ ಮಗಾ?" ಅಂತ ಕೇಳಿದೆ. ಚಿಕ್ಕಂದಿನಲ್ಲಿ ತಲೆಗೆ ಹಾಕುವಾಗ ಕೇಳುತ್ತಿದ್ದೆನಲ್ಲ, ಹಾಗೆ. ಕೇಳಿ ಸುಮ್ಮನೆ ನಿಂತೆ. ಉತ್ತರಕ್ಕೆ ಕಾದೆ ಕಣೋ. ಚೊಂಬು ಹಿಡಿದುಕೊಂಡು ಕಾಯುತ್ತಿದ್ದೆ. ಹಾಸಿಗೆಯವಳು ಮೆಲ್ಲಗೆ ನನ್ನ ಮೊಣಕೈ ಮುಟ್ಟಿ, "ಅಕ್ಕಾ, ನೀರು ಹಾಕಿ" ಅಂದಳು. ಹಾಕಿದೆ. ಮಿಕ್ಕಿದ್ದೆಲ್ಲ ಮಾಡಿದೆ. ಕರ್ಪೂರ ಹಾಕಿದೆ, ಜಡೆ ಹಾಕಿದೆ, ಬಟ್ಟೆ ಸುತ್ತಿದೆ. ಎಲ್ಲ ಸರಿಯಾಗಿ ಮಾಡಿದೆ. ಆ ಚೊಂಬಿನ ಹತ್ತಿರ ನನ್ನೊಳಗೆ ಏನೋ ನಿಂತುಹೋಗಿತ್ತು, ಅದು ಮತ್ತೆ ಶುರುವಾಗಲಿಲ್ಲ.

ಹೊರಗೆ ಬಂದವಳನ್ನು ನೀವೆಲ್ಲ ನೋಡಿದಿರಿ. ತಲೆ ತಗ್ಗಿಸಿದಿರಿ.

ಕೈ ಸುಟ್ಟದ್ದು ಒಲೆಯ ಮುಂದೆ ಅಲ್ಲ. ಫೆಬ್ರವರಿಯಲ್ಲಿ ಒಬ್ಬ ಬಾಣಂತಿಯ ಮಯ್ಯತ್. ಕುದಿಯುವ ನೀರನ್ನು ಬಕೆಟ್ಟಿಗೆ ಸುರಿದಿದ್ದರು, ತಣ್ಣೀರು ಇನ್ನೂ ಬೆರೆಸಿರಲಿಲ್ಲ. ನಾನು ಕೈ ಇಟ್ಟು, ಸರಿಯಾಗಿದೆ ಅಂದೆ. ಹಾಸಿಗೆಯವಳು ಕಿರುಚಿಕೊಂಡು ಕೈ ಎಳೆದಳು. ಚರ್ಮ ಎದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಅವತ್ತಿನಿಂದ ನೀರು ನೋಡುವುದು ಅವಳು. ನನ್ನನ್ನು ಬಿಡುವುದಿಲ್ಲ.

ನಮಾಜಿನಲ್ಲಿ ನಿಲ್ಲುತ್ತೇನೆ, ಬಾಗುತ್ತೇನೆ, ಸಜ್ದಾ ಮಾಡುತ್ತೇನೆ, ಬಟ್ಟೆ ಮಡಚಿದ ಹಾಗೆ. ದುವಾಕ್ಕೆ ಕೈ ಎತ್ತಿದರೆ ಕೇಳುವುದಕ್ಕೆ ಏನೂ ಇರುವುದಿಲ್ಲ, ಹಾಗೇ ಇಳಿಸುತ್ತೇನೆ. ನೀನು ದುವಾ ಮಾಡು ಅಂತ ಬರೆದಿದ್ದೀಯ. ಮಾಡಿಲ್ಲ. ಇದು ಸಬರ್ ಅಲ್ಲ. ನೋವಿದ್ದು ತಡೆದುಕೊಂಡವರಿಗೆ ಆ ಮಾತು. ನನಗೆ ನೋವೇ ಇಲ್ಲ. ಏನನ್ನು ತಡೆದುಕೊಳ್ಳಲಿ?

ನಿನ್ನ ಹೆಂಡತಿ ಫೋನ್ ಇಟ್ಟ ಮೇಲೆ ಹಾಲಿನಂಗಡಿಯವಳ ಮನೆಗೆ ಹೋದೆ. ಅವಳು ಹಾಲಿನ ಕ್ಯಾನು ಉಜ್ಜುತ್ತಿದ್ದಳು, ಕಣ್ಣು ಒಣ. ನನ್ನ ಹಾಗೇ ಆಗಿದ್ದಳು. "ಮಗಳು ಹೋದಾಗ ನಾನು ಅಳು ತಡೆದುಕೊಂಡದ್ದಲ್ಲಮ್ಮಾ, ನನಗೆ ಅಳು ಬರಲೇ ಇಲ್ಲ. ನೀನು ಅಳು" ಅಂದೆ. ಕ್ಯಾನಿನ ಮುಚ್ಚಳ ನನ್ನ ಕಡೆಗೆ ಎಸೆದಳು. "ಈಗ ಬಂದ್ಯಾ ಹೇಳೋಕೆ!" ಅಂದಳು. ಆಮೇಲೆ ಅತ್ತಳು. ನಾನು ಮುಚ್ಚಳ ಎತ್ತಿಕೊಂಡು ಪಕ್ಕದಲ್ಲಿ ಕೂತಿದ್ದೆ.

ನಿನಗೂ ಅದನ್ನೇ ಹೇಳುತ್ತಿದ್ದೇನೆ, ತಡವಾಗಿ. ನಿನ್ನ ಮೇಲೆ ನನಗೆ ಕೋಪ ಬರಬೇಕಿತ್ತು, ಅದೂ ಬರುತ್ತಿಲ್ಲ. ಒಂದು ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ನೀನು ಹೋದರೆ ನಿನ್ನನ್ನು ತೊಳೆಯುವುದು ಗಂಡಸರು. ನನ್ನ ಕೈಗೆ ಆ ಕೆಲಸವೂ ಇರುವುದಿಲ್ಲ. ಪಕ್ಕದ ಕೋಣೆಯಲ್ಲಿ ಕೂತಿರುತ್ತೇನೆ. ಹೆಂಗಸರು ಬಂದು ನನ್ನ ಮುಖ ನೋಡಿ, "ಏನು ಸಬರ್ ಇವ್ರದ್ದು" ಅನ್ನುತ್ತಾರೆ. ಆ ಮಾತನ್ನು ಮತ್ತೆ ಕೇಳುವ ಶಕ್ತಿ ನನಗಿಲ್ಲ ತಮ್ಮಾ.

ಆಸ್ಪತ್ರೆಗೆ ಹೋಗು. ಕೂಗು, ಅಳು, ಸ್ಲೇಟು ಒಡೆದುಹಾಕು, ಏನಾದರೂ ಮಾಡು, ಹೋಗು.

ಅಕ್ಕ


ಮೇ ೨೨

ಅಕ್ಕಾ,

ನಿನ್ನ ಪತ್ರ ಓದಿ ಕೋಪ ಬಂತು. ನಿನಗೆ ಬರದೇ ಇದ್ದದ್ದೂ ಸೇರಿಸಿ ನನಗೇ ಬಂತು. ಇಷ್ಟು ದಿನ ನಿನ್ನನ್ನು ಗೋಡೆ ಅಂದುಕೊಂಡು ಒರಗಿ ನಿಂತಿದ್ದೆ. ಹಿಂದೆ ಗೋಡೆಯೇ ಇಲ್ಲ ಅಂತ ಈಗ ಹೇಳುತ್ತೀಯ. ಪತ್ರವನ್ನು ಮುದುರಿ ಎಸೆದೆ. ನನ್ನ ಹೆಂಡತಿ ಎತ್ತಿ, ಮಡಿಕೆ ಬಿಡಿಸಿ, ದಿಂಬಿನ ಕೆಳಗೆ ಇಟ್ಟಳು. ಉಪವಾಸದಲ್ಲಿದ್ದಳು.

ಮಾರನೇ ದಿನ ಅಸರ್‌ಗೆ ಗಡಿಯಾರದವರ ಭುಜ ತಟ್ಟಿ ಪಕ್ಕಕ್ಕೆ ಸರಿಯಲು ಸನ್ನೆ ಮಾಡಿದೆ. ಅವರು ನನ್ನ ಮುಖ ನೋಡಿ ಸರಿದರು. ಕಿವಿಯ ಮೇಲೆ ಕೈ ಇಟ್ಟೆ. ಡಾಕ್ಟರ್ ಹೇಳಿದ್ದನ್ನೆಲ್ಲ ಬದಿಗಿಟ್ಟು, ಇದ್ದಬದ್ದ ಉಸಿರೆಲ್ಲ ಕೂಡಿಸಿ ಶುರು ಮಾಡಿದೆ. ಬರೀ ಗಾಳಿ ಅಕ್ಕಾ. ಸ್ಪೀಕರಿನಲ್ಲಿ ಗಾಳಿ ಬೀಸಿದ ಹಾಗೆ ಬಂತಂತೆ. ಎದುರಿನ ಅಂಗಡಿಯವನು, "ಮೈಕ್ ಕೆಟ್ಟೋಗಿದೆ ನೋಡ್ರೀ!" ಅಂತ ಕೂಗಿದ. ಗಡಿಯಾರದವರು ಮೈಕನ್ನು ಬೆರಳಿನಲ್ಲಿ ಟಕ್ ಟಕ್ ಅಂತ ತಟ್ಟಿ ನೋಡಿದರು, ಮೈಕ್ ಸರಿಯಾಗಿತ್ತು. ಅವರು ನನ್ನನ್ನು ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡೇ ಅಜಾನ್ ಕೊಟ್ಟರು. ಅವತ್ತು ಕೊನೆಯನ್ನು ಎಳೆದರು.

ನಾನು ವುಜೂ ಮಾಡುವ ಕಟ್ಟೆಯ ಮೇಲೆ ಕೂತು ಅತ್ತೆ. ನಲ್ಲಿ ಬಿಟ್ಟುಕೊಂಡು ಅತ್ತೆ. ನೀನು ಬರೆದದ್ದು ನಿಜ. ನನಗೆ ಸಾವಿನ ಹೆದರಿಕೆ ಇರಲಿಲ್ಲ, ಈ ದನಿ ಇಲ್ಲದೆ ಬದುಕುವ ಹೆದರಿಕೆ. ಅಲ್ಲಾಹನ ಮನೆಗೆ ಜನರನ್ನು ಕರೆಯುವವನು ಅಂತಲೇ ನನ್ನನ್ನು ನಾನು ತಿಳಿದಿದ್ದೆ. ಕರೆಯದಿದ್ದರೆ ನಾನು ಯಾರು? ಕಸ ಗುಡಿಸುವವನು, ಚಾಪೆ ಹಾಸುವವನು. ಅದನ್ನು ಇಷ್ಟು ವರ್ಷ ಮಾಡಿದ್ದೇನೆ, ಅದನ್ನು ಯಾಕೋ ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಾಳೆ ಸೇರಿಕೊಳ್ಳುತ್ತೇನೆ. ತಡವಾಗಿದೆ ಅಂದರು ಡಾಕ್ಟರ್, ಆದರೂ ಆಗುತ್ತದೆ ಅಂದರು. ಅಡ್ಮಿಟ್ ಮಾಡಿಕೊಳ್ಳುವವಳು ಮನೆಯವರ ಫೋನ್ ನಂಬರ್ ಕೇಳಿದಳು. ನಿನ್ನದು ಬರೆಸಿದ್ದೇನೆ.

ದುವಾಕ್ಕೆ ಎತ್ತಿದ ಕೈಯಲ್ಲಿ ಏನೂ ಇಲ್ಲದಿದ್ದರೂ ಎತ್ತು. ನಿನ್ನ ಪಾಲಿನದ್ದನ್ನೂ ಸದ್ಯಕ್ಕೆ ನಾನೇ ಕೇಳುತ್ತೇನೆ.

ತಮ್ಮ


ಜೂನ್ ೧೬

ತಮ್ಮಾ, ಅಸ್ಸಲಾಮು ಅಲೈಕುಮ್.

ಆಪರೇಷನ್ ಆಯಿತು, ಪೂರ್ತಿ ತೆಗೆದಿದ್ದಾರೆ, ಮುಂದಿನದ್ದು ನೋಡುತ್ತಾ ಹೋಗಬೇಕು ಅಂತ ನಿನ್ನ ಹೆಂಡತಿ ಹೇಳಿದಳು. ನಾನು ನಿನ್ನ ಹತ್ತಿರ ಫೋನ್ ಹಿಡಿ ಅಂದೆ. "ಅವ್ರು ಮಾತಾಡಲ್ಲ ಅಕ್ಕಾ, ಇನ್ನು ಮಾತಾಡಲ್ಲ" ಅಂದಳು. ಗೊತ್ತು, ಹಿಡಿ ಅಂದೆ. ಕತ್ತಿನ ಹತ್ತಿರ ಹಿಡಿದಳು.

ಉಸಿರು ಕೇಳಿಸಿತು. ಒಳಗೆ ಹೋಗುವುದು, ಹೊರಗೆ ಬರುವುದು. ಸ್ವಲ್ಪ ಕಫ ಇದೆ, ತೆಗೆಸಿಕೋ. ಅಕ್ಕಾ ಅನ್ನಲಿಲ್ಲ ನೀನು. ಫೋನ್ ಕಿವಿಗೆ ಒತ್ತಿಕೊಂಡು ಹೊಲಿಗೆ ಚಾಪೆಯ ಮೇಲೆ ಕೂತೇ ಇದ್ದೆ. ಗಂಟು ತೆಗೆದುಕೊಂಡು ಹೋಗಲು ಬಂದ ಕಾರ್ಖಾನೆಯವನು ಬಾಗಿಲಲ್ಲಿ ನಿಂತು ನಿಂತು ವಾಪಸ್ ಹೋದ.

ನಿನ್ನೆ ಓಣಿಯ ಕೊನೆಯ ಮನೆಯ ಮುದುಕಿ ತೀರಿಹೋದಳು. ತುಂಬ ವಯಸ್ಸು, ಮಗುವಿನಷ್ಟೇ ಹಗುರ. ಹಾಸಿಗೆಯವಳು ನೀರು ಬೆರೆಸಿ ಎಂದಿನಂತೆ ನೋಡಲು ಬಗ್ಗಿದಳು. ನಾನು, "ತಡಿ, ನಾನೇ ನೋಡ್ತೀನಿ" ಅಂದೆ. ಅವಳು ಬಕೆಟ್ಟಿಗೆ ಅಡ್ಡ ನಿಂತಳು. ಪಕ್ಕಕ್ಕೆ ಸರಿ ಅಂದೆ, ಸರಿಯಲಿಲ್ಲ. ಅವಳ ಪಕ್ಕದಿಂದ ಕೈ ಇಟ್ಟೆ.

"ಅಯ್ಯೋ, ಸುಡ್ತು ಕಣೇ!" ಅಂದೆ. ಕೈ ಎಳೆದುಕೊಂಡೆ.

ಅವಳು ಬೆಪ್ಪಾಗಿ ನನ್ನನ್ನೇ ನೋಡಿದಳು. ಅಷ್ಟೇನೂ ಬಿಸಿ ಇರಲಿಲ್ಲವಂತೆ. ಯಾವಾಗಲೂ ಹಾಕುವ ಹದವೇ ಅಂತೆ. ನಾನು ಬಕೆಟ್ಟಿನ ಪಕ್ಕ ಕೂತುಬಿಟ್ಟೆ. ಗುಬ್ಬಿಗೆ ಹಾಕಿದ ನೀರು ಬಿಸಿ ಜಾಸ್ತಿ ಇತ್ತೋ ಏನೋ ತಮ್ಮಾ, ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನೇ ಹೇಳಿಕೊಂಡು ಅತ್ತೆ. ಮುದುಕಿಯ ಸೊಸೆಯಂದಿರು ಬಾಗಿಲು ತಟ್ಟಿ, ಒಳಗೆ ಯಾರು ಅಳುತ್ತಿರುವುದು ಅಂತ ಕೇಳಿದರು. ಹಾಸಿಗೆಯವಳು, "ನಮ್ಮಕ್ಕ" ಅಂದಳು. ಆಮೇಲೆ ಇನ್ನೊಂದು ಚೊಂಬು ತಣ್ಣೀರು ಬೆರೆಸಿ ನನ್ನ ಕೈಗೆ ಕೊಟ್ಟಳು. ಮುದುಕಿಯನ್ನು ಚೆನ್ನಾಗಿ ತೊಳೆದು ಕಳಿಸಿದೆವು.

ರಾತ್ರಿ ನಮಾಜಿನ ಮೇಲೆ ಕೈ ಎತ್ತಿದೆ. ಮೊದಲು ನಿನ್ನದು ಕೇಳಿದೆ.

ಅಕ್ಷರ ವಕ್ರವಾಗಿದ್ದರೆ ಓದಿಕೋ. ಕೈ ತುಂಬ ನೋಯುತ್ತಿದೆ.

ಅಕ್ಕ